ನಿದ್ದೆ ಮಾತ್ರೆ ಹಿಡಿದಿದ್ದು, ಬಿಟ್ಟಿದ್ದು

ಗ್ಯಾಸ್ ಒಲೆ ಮೇಲಿದ್ದ ಹಾಲಿನ ಪಾತ್ರೆ ತಳ ಹೊತ್ತಿ ಕಪ್ಪಾಗಿತ್ತು. ಇಟ್ಟವಳು ನಾನೇ. ರಾತ್ರಿ ಒಂದು ಗಂಟೆಗೆ ಎದ್ದು, ಫ್ರಿಜ್‌ನಿಂದ ಹಾಲು ತೆಗೆದು, ಒಲೆ ಹಚ್ಚಿ, ಮತ್ತೆ ಬಂದು ಮಲಗಿದ್ದೆ. ಸೀದ ವಾಸನೆಗೆ ನಮ್ಮವರು ಎದ್ದು ಒಲೆ ಆರಿಸಿದರು. “ಅಲ್ಲ ಕಣೇ, ಹಾಲು ಇಟ್ಟು ಬಂದು ಮಲಗಿಬಿಟ್ಟಿದ್ಯಲ್ಲ?” ಅಂತ ಬೆಳಗ್ಗೆ ಕೇಳಿದಾಗ ನನಗೆ ಒಂಚೂರೂ ನೆನಪಿರಲಿಲ್ಲ. ಪಾತ್ರೆ ಉಜ್ಜುವಾಗ ಕೈ ನಡುಗುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ನನ್ನ ನಿದ್ದೆ ಹಾರಿಹೋಗಿತ್ತು. ಎರಡು ತಿಂಗಳು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದೇ ಬಂತು. ಬೆಳಗ್ಗೆ ಏಳೂವರೆಗೆ ಸ್ಕೂಟರ್ ಹತ್ತಿ ಶಾಲೆಗೆ ಹೊರಡಬೇಕು, ನಲವತ್ತು ಮಕ್ಕಳಿಗೆ ಪಾಠ ಮಾಡಬೇಕು. ಒಬ್ಬ ಡಾಕ್ಟರು ಜೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆ 10 ಮಿಲಿಗ್ರಾಂ ಬರೆದುಕೊಟ್ಟರು, ಹತ್ತು ದಿನಕ್ಕೆ. ಮೊದಲ ರಾತ್ರಿಯೇ ಒಳ್ಳೇ ನಿದ್ದೆ ಬಂತು. ಹತ್ತು ದಿನ ಮುಗಿದ ಮೇಲೆ ನಾನು ಅವರ ಹತ್ತಿರ ವಾಪಸ್ ಹೋಗಲೇ ಇಲ್ಲ. ಪರಿಚಯದ ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿದರೆ ಸಾಕು, ಸ್ಟ್ರಿಪ್ ಸಿಗುತ್ತಿತ್ತು. ಹಾಗೇ ಏಳು ತಿಂಗಳು ಕಳೆಯಿತು.

ಆ ಸ್ಟ್ರಿಪ್ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಅಚ್ಚಾಗಿರುತ್ತದೆ. ನಾನು ಒಮ್ಮೆಯೂ ಓದಿರಲಿಲ್ಲ. 2014ರ ಮಾರ್ಚ್‌ನಿಂದ ಜೋಲ್ಪಿಡೆಮ್, ಆಲ್ಪ್ರಜೋಲಾಮ್, ಡಯಾಜೆಪಾಮ್ ಥರದ ಮಾತ್ರೆಗಳು ನಮ್ಮ ದೇಶದಲ್ಲಿ ಷೆಡ್ಯೂಲ್ ಎಚ್‌1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಬರೆದ ಡಾಕ್ಟರು ಯಾರು, ರೋಗಿ ಯಾರು, ಎಷ್ಟು ಮಾತ್ರೆ ಅಂತ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹೊಸದಾಗಿ ಚೀಟಿ ಬೇಕು ಅಂದರೆ ಕಿರಿಕಿರಿ ಮಾಡಿಕೊಳ್ಳಬೇಡಿ. ನನಗೆ ಯಾರಾದರೂ ಹಾಗೆ ಕೇಳಿದ್ದರೆ ಒಲೆಯವರೆಗೆ ಹೋಗುತ್ತಿರಲಿಲ್ಲ.

ಪಾತ್ರೆ ಸುಟ್ಟ ವಾರವೇ ಮನೋವೈದ್ಯರನ್ನು ಕಂಡೆ. ಎಲ್ಲ ಕೇಳಿಸಿಕೊಂಡು ಮೇಡಂ ಹೇಳಿದ ಮೊದಲ ಮಾತು, “ಈ ಮಾತ್ರೆ ನಿಮಗೆ ಇನ್ನು ಯಾವತ್ತೂ ಬೇಡ.” ನಿದ್ದೆಗಣ್ಣಲ್ಲಿ ನಡೆಯುವುದು, ಅಡುಗೆ ಮಾಡುವುದು, ಕಾರು ಓಡಿಸುವುದು, ಇಂಥದ್ದು ಒಮ್ಮೆ ಆದವರಿಗೆ ಅದನ್ನು ಮತ್ತೆ ಕೊಡಬಾರದಂತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಈ ಎಚ್ಚರಿಕೆಯನ್ನು ಔಷಧದ ಮಾಹಿತಿ ಪತ್ರದಲ್ಲಿ ಚೌಕದೊಳಗೆ ಎದ್ದುಕಾಣುವಂತೆ ಹಾಕಿಸಿತು. ಹೆಂಗಸರಿಗೆ 10ರ ಬದಲು 5 ಮಿಲಿಗ್ರಾಂ ಸಾಕು ಅಂತ 2013ರಲ್ಲೇ ಹೇಳಿತ್ತು. ನಮ್ಮ ಮೈಯಿಂದ ಅದು ನಿಧಾನವಾಗಿ ಇಳಿಯುತ್ತದೆ, ಬೆಳಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರಬಹುದು. ಏಳೂವರೆಗೆ ಸ್ಕೂಟರ್ ಏರುತ್ತಿದ್ದ ಅಷ್ಟೂ ದಿನಗಳು ನೆನಪಾಗಿ ಎದೆ ಧಸಕ್ಕೆಂದಿತು.

ಏಳು ತಿಂಗಳು ಒಗ್ಗಿದ ದೇಹಕ್ಕೆ ಏನೂ ಕೊಡದೆ ಬಿಡಿಸುವುದೂ ಸರಿಯಲ್ಲ ಅಂದರು. ಅದರ ಬದಲಿಗೆ ಕ್ಲೊನಾಜೆಪಾಮ್ ಅನ್ನೋ ಇನ್ನೊಂದು ಮಾತ್ರೆ 0.5 ಮಿಲಿಗ್ರಾಂ ಶುರುವಾಯಿತು, ನಿಲ್ಲಿಸುವ ತಾರೀಖನ್ನೂ ಅವತ್ತೇ ಚೀಟಿಯಲ್ಲಿ ಬರೆದರು. ಅದಕ್ಕೂ ಮೊದಲು ಕೇಳಿದ ಪ್ರಶ್ನೆಗಳು ನನಗೆ ತುಂಬಾ ಮುಖ್ಯ ಅನಿಸಿದವು. ಗೊರಕೆ ಹೊಡೀತೀರಾ? ನಿದ್ದೆಯಲ್ಲಿ ಉಸಿರು ಕಟ್ಟುತ್ತಾ? ನೋವಿಗೆ ಟ್ರಮಡಾಲ್ ತಗೋತೀರಾ? ಕೆಮ್ಮಿನ ಸಿರಪ್, ಅಲರ್ಜಿ ಮಾತ್ರೆ? ಕುಡಿಯುವ ಅಭ್ಯಾಸ? ಇವುಗಳಲ್ಲಿ ಕೆಲವು ಈ ಮಾತ್ರೆಯ ಜೊತೆಗೆ ಸೇರಿದರೆ ಮಂಪರು ಜಾಸ್ತಿಯಾಗುತ್ತದೆ, ಕೆಲವು ಸೇರಿದರೆ ಉಸಿರಿಗೇ ಕುತ್ತು. ಕ್ಲೊನಾಜೆಪಾಮ್ ಮೈಯಿಂದ ಅರ್ಧ ಇಳಿಯಲೇ 30–40 ಗಂಟೆ ಬೇಕು. ಹಾಗಾಗಿ ಮೊದಲ ಎರಡು ವಾರ ನಾನು ಸ್ಕೂಟರ್ ಮುಟ್ಟಲಿಲ್ಲ, ಬಸ್ಸಿನಲ್ಲೇ ಹೋದೆ.

ಆದರೆ ನಿದ್ದೆ ವಾಪಸ್ ಬಂದಿದ್ದು ಮಾತ್ರೆಯಿಂದಲ್ಲ. ಮೇಡಂ ಕಲಿಸಿದ ಕ್ರಮದಿಂದ. ಹಾಸಿಗೆಯಲ್ಲಿ ನಾನು ಒಂಬತ್ತೂವರೆಯಿಂದ ಆರರವರೆಗೆ ಬಿದ್ದಿರುತ್ತಿದ್ದೆ, ನಿದ್ದೆ ಮಾಡುತ್ತಿದ್ದುದು ಐದೇ ಗಂಟೆ. “ಹನ್ನೊಂದೂವರೆಗೆ ಮಲಗಿ, ಐದೂವರೆಗೆ ಏಳಿ. ಭಾನುವಾರವೂ ಅಷ್ಟೇ” ಅಂದರು. ಇಪ್ಪತ್ತು ನಿಮಿಷ ಆದ ಹಾಗನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಬರಬೇಕು. ಗಡಿಯಾರ ನೋಡಬಾರದು, ಮೊಬೈಲ್ ಮುಟ್ಟಬಾರದು. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಮಲೆನಾಡಿನವಳಿಗೆ ಇದು ಕಷ್ಟವೇ ಆಯಿತು.

ಮೊದಲ ಎರಡು ವಾರ ಬಹಳ ಸಂಕಟ. ಹಾಲ್‌ನಲ್ಲಿ ಸಣ್ಣ ದೀಪ ಹಾಕಿಕೊಂಡು ಹೂಬತ್ತಿ ಹೊಸೆಯುತ್ತಾ ಕೂತೆ. ಹತ್ತಿ ಎಳೆಯೋದು, ಬೆರಳಿಗೆ ಹಾಲು ಸೋಕಿಸಿಕೊಂಡು ತುದಿ ಹೊಸೆಯೋದು, ತಟ್ಟೆಯಲ್ಲಿಡೋದು. ಅಮ್ಮ ಕಲಿಸಿದ ಕೆಲಸ ಅದು. ಕೆಲವು ರಾತ್ರಿ ಅಳುತ್ತಲೇ ಹೊಸೆದೆ. ಕಣ್ಣು ಎಳೆಯತೊಡಗಿದಾಗ ಹೋಗಿ ಮಲಗುತ್ತಿದ್ದೆ. ಮೂರನೇ ವಾರ ಒಂದು ರಾತ್ರಿ ತಟ್ಟೆಯಲ್ಲಿ ಆರೇ ಬತ್ತಿ ಇದ್ದವು. ಅವತ್ತು ಅಷ್ಟು ಬೇಗ ನಿದ್ದೆ ಬಂದಿತ್ತು.

ಆಮೇಲೆ ಮಾತ್ರೆ ಇಳಿಸಲು ಶುರು. 0.25ರ ಮಾತ್ರೆ ಬರೆಸಿಕೊಂಡು ಎರಡು ವಾರ ಒಂದೂವರೆ, ಮತ್ತೆರಡು ವಾರ ಒಂದು, ಆಮೇಲೆ ಅರ್ಧ. ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಆಯಾ ದಿನದ ಮನೆಯೊಳಗೆ ಎಷ್ಟು ತಗೊಂಡೆ ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ. ಬರೆಯದಿದ್ದರೆ ಮರೆತು ಎರಡನೇ ಸಲ ನುಂಗುವ ಭಯ ಇತ್ತು. ಅರ್ಧಕ್ಕೆ ಬಂದಾಗ ಹೆಣಗಿದೆ. ಎದೆ ಡವಡವ, ಬೆವರು, ಚೂರು ನಿದ್ದೆ. ಮತ್ತೆ ಒಂದಕ್ಕೆ ಏರಿಸಿಬಿಡೋಣ ಅನಿಸಿತು. ಫೋನ್ ಮಾಡಿದರೆ ಮೇಡಂ, “ಏರಿಸಬೇಡಿ, ಇಳಿಸಲೂ ಬೇಡಿ. ಅಲ್ಲೇ ನಿಲ್ಲಿ” ಅಂದರು. ಎರಡು ವಾರದ ಬದಲು ಐದು ವಾರ ಅಲ್ಲೇ ನಿಂತೆ. ಚೀಟಿಯ ತಾರೀಖು ದಾಟಿತು. ಅವರೇ ಅದನ್ನು ಹೊಡೆದು ಹೊಸ ತಾರೀಖು ಬರೆದುಕೊಟ್ಟರು. ಈ ಲೆಕ್ಕ ನನ್ನ ದೇಹಕ್ಕೆ ಹಾಕಿದ್ದು, ದಯವಿಟ್ಟು ಯಾರೂ ಇದನ್ನು ನೋಡಿಕೊಂಡು ತಾವೇ ಇಳಿಸಲು ಹೋಗಬೇಡಿ. ವರ್ಷಗಟ್ಟಲೆ ತಗೊಂಡವರು ದಿಢೀರಂತ ಬಿಟ್ಟರೆ ಫಿಟ್ಸ್ ಬರುವುದೂ ಉಂಟು. ಹತ್ತಿರ ಡಾಕ್ಟರು ಇಲ್ಲದವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಾನು ಬಿಟ್ಟ ಮೇಲೆ ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಉಳಿದಿದ್ದವು. ಪಕ್ಕದ ಮನೆ ಅಜ್ಜಿಗೆ ಎಪ್ಪತ್ತು ದಾಟಿದೆ. “ನಿಂಗೆ ಹೆಂಗೂ ಬೇಡ ಅಲ್ವೇನಮ್ಮ, ನಂಗೆ ಕೊಡು” ಅಂತ ಕೇಳಿದರು. ಕೊಡಲಿಲ್ಲ. ಆ ವಯಸ್ಸಿನಲ್ಲಿ ಇವನ್ನು ತಗೊಂಡು ರಾತ್ರಿ ಬಚ್ಚಲಿಗೆ ಎದ್ದರೆ ತಲೆ ತಿರುಗಿ ಬಿದ್ದು ಸೊಂಟ ಮುರಿಯುವ ಅಪಾಯ ಜಾಸ್ತಿ. “ಬನ್ನಿ ಅಜ್ಜಿ, ಡಾಕ್ಟರ ಹತ್ರ ಹೋಗೋಣ” ಅಂತ ಅವರ ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಕರೆದುಕೊಂಡು ಹೋದೆ. ನೋಡಿದರೆ ಬಿಪಿಗೆ ಕೊಟ್ಟಿದ್ದ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯನ್ನು ಅವರು ರಾತ್ರಿ ಊಟ ಆದ ಮೇಲೆ ನುಂಗುತ್ತಿದ್ದರು. ನಾಲ್ಕು ಸಲ ಎಚ್ಚರ ಆಗುತ್ತಿದ್ದುದು ಅದಕ್ಕೇ. ಡಾಕ್ಟರು ಅದನ್ನು ಬೆಳಗ್ಗೆಗೆ ಬದಲಿಸಿದರು, ಅಷ್ಟೇ.

ಅವತ್ತು ಸಂಜೆ ಆ ನಾಲ್ಕು ಮಾತ್ರೆಗಳನ್ನು ಕಾಫಿ ಚರಟದಲ್ಲಿ ಕಲಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಕಸಕ್ಕೆ ಹಾಕಿದೆ.