ಲಾರಿ ಹೊರಡುವ ಮುಂಚೆ ಇ-ವೇ ಬಿಲ್

ಬೆಳಗಾವಿಯಿಂದ ಬೆಂಗಳೂರಿಗೆ ಮಾಲು ಕಳಿಸಬೇಕಾ? ಬೆಲೆ 50,000 ರೂಪಾಯಿ ದಾಟಿದರೆ ಮೊದಲು ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಪ್ರಕಾರ ಬೇಕಾದ ಆನ್‌ಲೈನ್ ದಾಖಲೆ) ಮಾಡಿ. ಇ-ವೇ ಬಿಲ್ ಪೋರ್ಟಲ್‌ಗೆ ಲಾಗಿನ್ ಆಗಿ, ಪಾರ್ಟ್ ಎ-ನಲ್ಲಿ ಇನ್‌ವಾಯ್ಸ್ ನಂಬರ್, ಎಚ್‌ಎಸ್‌ಎನ್ ಕೋಡ್ (ಮಾಲು ಯಾವ ಬಗೆಯದು ಅಂತ ತಿಳಿಸುವ ಸಂಖ್ಯೆ), ಪಿನ್‌ಕೋಡ್ ತುಂಬಿ. ಪಾರ್ಟ್ ಬಿ-ನಲ್ಲಿ ಲಾರಿ ನಂಬರ್. ಎಡವಟ್ಟು ಜಾಸ್ತಿ ಆಗೋದು ಇಲ್ಲೇ: ದಾರಿಯಲ್ಲಿ ಲಾರಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹಾಕಿದರೆ ಹೊಸ ಬಿಲ್ ಬೇಕಿಲ್ಲ, ಪಾರ್ಟ್ ಬಿ-ನಲ್ಲಿ ನಂಬರ್ ಬದಲಿಸಿದರೆ ಸಾಕು, ಆದರೆ ಆ ಗಾಡಿ ಹೊರಡುವ ಮುಂಚೆಯೇ ಬದಲಿಸಿ, ಡ್ರೈವರ್ ಆಮೇಲೆ ಫೋನ್ ಮಾಡ್ತಾನೆ ಅಂತ ಸುಮ್ನೆ ಕೂರಬೇಡಿ.

ಸಾಮಾನ್ಯ ಲೋಡಿಗೆ 200 ಕಿಲೋಮೀಟರಿಗೆ ಬಿಲ್ಲಿನ ಅವಧಿ ಒಂದು ದಿನ. ಈ ದಾರಿ ಸುಮಾರು 500 ಕಿಲೋಮೀಟರ್, ಅಂದರೆ ಮೂರು ದಿನ ಸಿಗುತ್ತೆ. ಸಾಲದಿದ್ದರೆ ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ 8 ಗಂಟೆ ನಂತರದವರೆಗೆ ವಿಸ್ತರಿಸಬಹುದು. ಆರ್ಡರೇ ರದ್ದಾಯಿತಾ? ಬಿಲ್ ಮಾಡಿದ 24 ಗಂಟೆಯೊಳಗೆ ಅದನ್ನೂ ರದ್ದು ಮಾಡಿ.