ಮದ್ದಿನ ದರಕ್ಕಿಂತ ಮೊದಲು ಕುಳಿ ಎಣಿಸಿ

ತೆರೆದ ಚಿನ್ನದ ಗಣಿಯಲ್ಲಿ ಡ್ರಿಲ್ಲಿಂಗ್, ಬ್ಲಾಸ್ಟಿಂಗ್ ಖರ್ಚು ಇಳಿಸಬೇಕೆಂದರೆ ಎಲ್ಲರ ಕಣ್ಣು ಹೋಗುವುದು ಮದ್ದಿನ, ಅಂದರೆ ಸ್ಫೋಟಕದ, ದರದ ಮೇಲೆ. ನಾವು ಮೊದಲು ನೋಡಿದ್ದು ಒಂದು ಘನ ಮೀಟರ್ ಕಲ್ಲಿಗೆ ಎಷ್ಟು ಕೊರೆಯುತ್ತಿದ್ದೇವೆ ಎಂಬುದನ್ನು.

ಬೆಂಚ್ (ಮೆಟ್ಟಿಲಂತೆ ಅಗೆಯುವ ಹಂತ) 10 ಮೀಟರ್ ಎತ್ತರ, ಮದ್ದು ತುಂಬಲು ಕೊರೆಯುವ ಕುಳಿಯ ವ್ಯಾಸ 115 ಮಿ.ಮೀ., ಸಬ್‌ಡ್ರಿಲ್ (ಬೆಂಚಿನ ಬುಡಕ್ಕಿಂತ ಕೆಳಗೆ ಕೊರೆಯುವ ಆಳ) 1 ಮೀಟರ್. ಅಲ್ಲಿಗೆ ಕುಳಿಯೊಂದಕ್ಕೆ 11 ಮೀಟರ್ ಕೊರೆತ. ಬರ್ಡನ್ (ಕುಳಿಸಾಲುಗಳ ನಡುವಿನ ಅಂತರ) 3.2, ಸ್ಪೇಸಿಂಗ್ (ಒಂದೇ ಸಾಲಿನ ಕುಳಿಗಳ ನಡುವಿನ ಅಂತರ) 3.7 ಮೀಟರ್ ಇದ್ದಾಗ ಒಂದು ಕುಳಿಗೆ ಸುಮಾರು 118 ಘನ ಮೀಟರ್ ಕಲ್ಲು, ಅದನ್ನೇ 3.5, 4.0 ಮಾಡಿದರೆ 140. ಒಂದು ಲಕ್ಷ ಘನ ಮೀಟರಿಗೆ 845 ಕುಳಿ ಬೇಕಿದ್ದ ಕಡೆ 715 ಸಾಕಾಯಿತು. 1,430 ಮೀಟರ್ ಕೊರೆತ ಉಳಿಯಿತು, ಮದ್ದು ಸಿಡಿಸಲು ಕುಳಿಗೊಂದರಂತೆ ಇಡುವ 130 ಬೂಸ್ಟರ್, 130 ಡಿಟೊನೇಟರ್ ಬೇರೆ. ಮೇಲೆ 2.8 ಮೀಟರ್ ಸ್ಟೆಮಿಂಗಿಗೆ (ಮದ್ದಿನ ಮೇಲೆ ಕುಳಿಯ ಬಾಯಿ ಮುಚ್ಚುವ ತುಂಬು) ಬಿಟ್ಟರೆ ಕುಳಿಗೆ ಹಿಡಿಯುವ ಆನ್ಫೋ (ಅಮೋನಿಯಂ ನೈಟ್ರೇಟಿಗೆ ಡೀಸೆಲ್ ಬೆರೆಸಿದ ಮದ್ದು) ಸುಮಾರು 70 ಕೆ.ಜಿ. ಪೌಡರ್ ಫ್ಯಾಕ್ಟರ್, ಅಂದರೆ ಕಲ್ಲಿಗೆ ಬೀಳುವ ಮದ್ದು, ಘನ ಮೀಟರಿಗೆ 0.59 ಕೆ.ಜಿ.ಯಿಂದ 0.50ಕ್ಕೆ ಬಂತು.

ಹೀಗೆ ಹಿಗ್ಗಿಸಿದ್ದು ತ್ಯಾಜ್ಯ ಕಲ್ಲಿನಲ್ಲಿ ಮಾತ್ರ. ಅದು ಬಕೆಟ್ಟಿಗೆ ಬಂದರೆ ಮುಗಿಯಿತು. ಅದಿರಿನಲ್ಲಿ ಮದ್ದು ಉಳಿಸಿದರೆ ಆ ಲೆಕ್ಕ ಕ್ರಷರ್ರಿನಲ್ಲೂ ಮಿಲ್ಲಿನ ಕರೆಂಟಿನಲ್ಲೂ ವಾಪಸ್ ಬರುತ್ತದೆ. ತ್ಯಾಜ್ಯದಲ್ಲೂ ಒಮ್ಮೆಗೇ ಅಲ್ಲ, ಬ್ಲಾಸ್ಟಿಗೆ 10 ಸೆಂ.ಮೀ.ನಂತೆ ಹಿಗ್ಗಿಸುತ್ತ, ಎಕ್ಸ್‌ಕವೇಟರ್ ಗಂಟೆಗೆ ಎಷ್ಟು ಟ್ರಕ್ ತುಂಬುತ್ತಿದೆ ಎಂದು ನೋಡಬೇಕು. ಆ ಸಂಖ್ಯೆ ಇಳಿದರೆ ಹಿಂದಿನ ಅಳತೆಗೇ ಮರಳಿ. ಮೇಲಿನ ಮೆತ್ತನೆಯ, ಹವೆಗೆ ಸಡಿಲಾದ ಪದರಕ್ಕೆ ಡೋಜರಿನ ಹಿಂದಿನ ಕೊಕ್ಕೆ, ರಿಪ್ಪರ್, ಸಾಕು. ಅಲ್ಲಿ ಮದ್ದು ಬರೀ ದಂಡ.

ಕುಳಿಯ ಬಾಯಿಯ ಬಳಿ ಬಿದ್ದಿರುವ ಕೊರೆತದ ಪುಡಿಯನ್ನೇ ವಾಪಸ್ ತಳ್ಳಿ ಮುಚ್ಚುವ ಚಾಳಿ ಎಲ್ಲೆಲ್ಲೂ ಇದೆ. ಪುಡಿ ಸ್ಫೋಟದ ಗ್ಯಾಸನ್ನು ಹಿಡಿಯುವುದಿಲ್ಲ, ಕೊಳವೆಯಿಂದ ಊದಿದಂತೆ ಹಾರಿಬಿಡುತ್ತದೆ. ಮೇಲೆ ದಪ್ಪ ಬಂಡೆ ಉಳಿಯುತ್ತದೆ, ಕಲ್ಲು ದೂರ ಸಿಡಿಯುತ್ತದೆ. 10ರಿಂದ 15 ಮಿ.ಮೀ. ಮೊನಚು ಜಲ್ಲಿ ಹಾಕಿದರೆ ಒಂದಕ್ಕೊಂದು ಕಚ್ಚಿ ಕೂರುತ್ತದೆ. ಜಲ್ಲಿಯ ಖರ್ಚು ನೋಡಿ ಹಿಂಜರಿಯುವವರು ಬಂಡೆ ಒಡೆಯುವ ಬ್ರೇಕರ್‌ನ ಬಾಡಿಗೆಯನ್ನೂ ನೋಡಲಿ.

ಚಾರ್ಜ್ ಮಾಡುವ (ಮದ್ದು ತುಂಬುವ) ಮೊದಲು ತೂಕ ಕಟ್ಟಿದ ಟೇಪನ್ನು ಪ್ರತಿ ಕುಳಿಗೂ ಇಳಿಸಿ. ಟೇಪಿನ ತುದಿ ಎಷ್ಟು ನೆನೆದಿದೆಯೋ ಅಷ್ಟು ನೀರಿದೆ. ಆನ್ಫೋ ನೀರಿನಲ್ಲಿ ಕರಗುತ್ತದೆ. ಬ್ಲಾಸ್ಟ್ ಆದಮೇಲೆ ಕಿತ್ತಳೆ ಹೊಗೆ ಎದ್ದರೆ ಮೊದಲ ಅನುಮಾನ ನೀರಿನ ಮೇಲೇ ಇರಲಿ. ನೀರು ತಡೆಯುವ ದುಬಾರಿ ಮದ್ದು ಎಮಲ್ಷನ್ ನೀರಿರುವ ಕುಳಿಗಳಿಗೆ ಮಾತ್ರ, ಅದೂ ಪೈಪನ್ನು ತಳಕ್ಕಿಳಿಸಿ, ಕೆಳಗಿನಿಂದ ಮೇಲಕ್ಕೆ. ಮಣ್ಣು ಕುಸಿದು ಕುಳಿ 10 ಮೀಟರೇ ಸಿಕ್ಕರೆ ಮತ್ತೆ ಕೊರೆಯಿಸಿ, ಇಲ್ಲದಿದ್ದರೆ ಬುಡದಲ್ಲಿ ಗಟ್ಟಿ ದಿಬ್ಬ ಉಳಿದು ಬಕೆಟ್ ಹಲ್ಲು ತಿನ್ನುತ್ತದೆ. ಹೆಚ್ಚಾದರೂ ತೊಂದರೆಯೇ: ಅರ್ಧ ಮೀಟರ್ ಹೆಚ್ಚು ಕೊರೆದರೆ 715 ಕುಳಿಗೆ 357 ಮೀಟರ್ ದಂಡ, ಜೊತೆಗೆ ಕೆಳಗಿನ ಬೆಂಚಿನ ತಲೆ ಒಡೆದು ಅಲ್ಲಿನ ಹೊಸ ಕುಳಿಗಳ ಬಾಯಿ ಕುಸಿಯುತ್ತದೆ. ಹೆಚ್ಚಾದಷ್ಟನ್ನು ಪುಡಿ ಸುರಿದು ಮುಚ್ಚಿ. ಆ ಪುಡಿಗೆ ಸರಿಯಾದ ಜಾಗ ಅದೇ.