ತೆರೆದು ನೋಡಿದರೆ ಸಾಕು, ಅಪ್‌ಡೇಟ್! ಹೈಬರ್ನೇಟ್‌ನ ಒಂದು ಕಿರಿಕಿರಿ ಬಿಡಿಸಿದ್ದು

ಮಂಗಳೂರು ಬಂದರಿನ ಒಂದು ಅಡಿಕೆ ಅಂಗಡಿಯ ಖರೀದಿ ಸಾಫ್ಟ್‌ವೇರ್ ನಮ್ಮ ಕೈಗೆ ಬಂದದ್ದು ಬೇರೆಯವರು ಬರೆದು ಬಿಟ್ಟ ಮೇಲೆ. ಜಾವಾದ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್, ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಸಾಲುಗಳಿಗೆ ಹೊಂದಿಸುವ ಹೈಬರ್ನೇಟ್ 5, ಕೆಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ರೈತರು ತಂದ ಒಂದೊಂದು ಲಾಟ್‌ಗೂ ಒಂದು ಚೀಟಿ. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ವಿಂಗಡಣೆ, ಚೀಲವಾರು ತೂಕ, ದರ. ಜೊತೆಗೆ ಕೊನೆಗೆ ತಿದ್ದಿದವರು ಯಾರು, ಯಾವಾಗ ಅನ್ನುವ ಎರಡು ಕಾಲಮ್.

ತಕರಾರು ಬಂದದ್ದು ಆ ಎರಡು ಕಾಲಮ್‌ನಿಂದ. ಅಲ್ಲಿ ಲೆಕ್ಕ ಬರೆಯುವವರು ಫೋನ್ ಮಾಡಿ, "ಎಂತ ಮಾರಾಯ್ರೆ ಇದು? ನಾನು ಚೀಟಿ ತೆಗೆದು ನೋಡಿದ್ದು ಮಾತ್ರ. ತಿದ್ದಿದವರು ಅಂತ ನನ್ನ ಹೆಸರು ಬಿದ್ದಿದೆ" ಅಂದರು. ಅದು ಹಣ ಕೊಟ್ಟು ಮುಗಿದ ಹಳೇ ಚೀಟಿ. ನಾಳೆ ಧಣಿಗಳು ಕೇಳಿದರೆ ಅವರು ಏನು ಹೇಳಬೇಕು, ಅಲ್ವಾ? ಇನ್ನೂ ಒಂದು ತೊಂದರೆ ಇತ್ತು. ಚೀಟಿಗೆ ವರ್ಷನ್ ಕಾಲಮ್ (ಪ್ರತಿ ಅಪ್‌ಡೇಟ್‌ಗೂ ಒಂದು ಏರುವ ನಂಬರ್) ಇರುವುದರಿಂದ ಸುಮ್ನೆ ನೋಡಿದರೂ ಅದರ ನಂಬರ್ ಏರುತ್ತಿತ್ತು. ಆಗ ಅದೇ ಚೀಟಿಯನ್ನು ನಿಜವಾಗಿ ತಿದ್ದುತ್ತಿದ್ದವರಿಗೆ 'ಬೇರೆಯವರು ಬದಲಾಯಿಸಿದ್ದಾರೆ' ಅಂತ ಎರರ್ ಬರುತ್ತಿತ್ತು.

ಇಂಥದ್ದು ಬಂದರೆ ಎಲ್ಲರೂ ಮೊದಲು ಕೋಡ್‌ನಲ್ಲಿ 'ಸೇವ್' ಹುಡುಕುತ್ತಾರೆ. ಚೀಟಿ ತೋರಿಸುವ ದಾರಿಯಲ್ಲಿ ಎಲ್ಲೂ ಸೇವ್ ಇರಲಿಲ್ಲ. ಹಾಗಾದರೆ ಡೇಟಾಬೇಸ್‌ನಲ್ಲಿ ಟ್ರಿಗರ್ (ಡೇಟಾಬೇಸ್ ತಾನಾಗಿ ಓಡಿಸುವ ಕೋಡ್) ಇರಬೇಕು ಅನ್ನುವ ಗುಮಾನಿ ಬಂತು. ಅದನ್ನು ಕಳೆದುಕೊಳ್ಳುವುದು ಸುಲಭ. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್ ಸ್ಟೇಟ್‌ಮೆಂಟ್ ಸೆಟ್ಟಿಂಗನ್ನು 'ಮಾಡ್' ಅಂತ ಇಟ್ಟೆ. ಆ್ಯಪ್ ಕಳಿಸಿದ ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಎಲ್ಲ ಲಾಗ್‌ಗೆ ಬೀಳುತ್ತವೆ. ಟ್ರಿಗರ್ ಒಳಗೆ ನಡೆಯುವುದು ಬೀಳುವುದಿಲ್ಲ. ಚೀಟಿ ತೆರೆದೆ, ಅಪ್‌ಡೇಟ್ ಬಿತ್ತು. ಕಳಿಸಿದ್ದು ನಮ್ಮ ಆ್ಯಪೇ.

ಹೈಬರ್ನೇಟ್‌ಗೆ ಸೇವ್ ಬೇಕಾಗಿಯೇ ಇಲ್ಲ. ಟ್ರಾನ್ಸಾಕ್ಷನ್ ಒಳಗೆ ಒಂದು ಎಂಟಿಟಿ (ಟೇಬಲ್‌ನ ಒಂದು ಸಾಲಿಗೆ ಹೊಂದುವ ಆಬ್ಜೆಕ್ಟ್) ಓದಿದರೆ, ಓದಿದಾಗ ಹೇಗಿತ್ತೋ ಅದರ ಒಂದು ಪ್ರತಿಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಫ್ಲಶ್ ಆಗುವಾಗ, ಅಂದರೆ ಬದಲಾವಣೆಗಳನ್ನು ಡೇಟಾಬೇಸ್‌ಗೆ ಕಳಿಸುವಾಗ, ಈಗಿನದ್ದನ್ನು ಆ ಪ್ರತಿಯ ಜೊತೆ ಹೋಲಿಸುತ್ತದೆ. ಏನಾದರೂ ಬೇರೆ ಕಂಡರೆ ಅಪ್‌ಡೇಟ್. ಹಾಗಾಗಿ ಯಾರು ಬರೆದರು ಅಂತ ಹುಡುಕುವುದು ಬಿಟ್ಟು, ಯಾವ ಕಾಲಮ್ ಅದಕ್ಕೆ ಬೇರೆಯಾಗಿ ಕಂಡಿತು ಅಂತ ಹುಡುಕಲು ಶುರು ಮಾಡಿದೆ. ಅಪ್‌ಡೇಟ್ ಕೋಡ್‌ನ ಎಲ್ಲಿಂದ ಹೊರಟಿತು ಅಂತ ತೋರಿಸುವ ಸ್ಟ್ಯಾಕ್ ಟ್ರೇಸ್ ನಂಬಿದ್ದರೆ ದಾರಿ ತಪ್ಪುತ್ತಿತ್ತು. ಅದು ಇವತ್ತಿನ ದರ ತರುವ ಕ್ವೆರಿಯನ್ನು ತೋರಿಸುತ್ತಿತ್ತು. ಆ ಕ್ವೆರಿ ಚೀಟಿ ಟೇಬಲ್‌ಅನ್ನೂ ಜಾಯಿನ್ ಮಾಡುತ್ತದೆ. ಅಂಥ ಕ್ವೆರಿ ಓಡುವ ಮೊದಲು ಹೈಬರ್ನೇಟ್ ತಾನಾಗಿ ಫ್ಲಶ್ ಮಾಡುತ್ತದೆ, ಅಷ್ಟೇ.

ಅಪ್‌ಡೇಟ್ ಸಾಲು ನೋಡಿದರೂ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಒಂದು ಬದಲಾದರೂ ಹೈಬರ್ನೇಟ್ ಎಲ್ಲ ಕಾಲಮ್‌ಗಳನ್ನೂ ಬರೆಯುತ್ತದೆ. 'ಡೈನಾಮಿಕ್ ಅಪ್‌ಡೇಟ್' ಅನೋಟೇಶನ್ ಹಾಕಿದರೆ ಬದಲಾದ ಕಾಲಮ್ ಮಾತ್ರ ಬರುತ್ತದೆ. ನಾನು ಇನ್ನೊಂದು ಹೆಜ್ಜೆ ಹೋಗಿ ಅಪ್‌ಡೇಟ್ ಆದ ಮೇಲೆ ಹೈಬರ್ನೇಟ್ ಕರೆಯುವ ಒಂದು ಪೋಸ್ಟ್ ಅಪ್‌ಡೇಟ್ ಇವೆಂಟ್ ಲಿಸನರ್ ಬರೆದೆ. ಯಾವ ಪ್ರಾಪರ್ಟಿಗಳು ಬದಲಾದವು ಅಂತ ಇವೆಂಟೇ ಹೇಳುತ್ತದೆ. ಅವುಗಳ ಹೆಸರು, ಹಳೇ ವ್ಯಾಲ್ಯೂ, ಹೊಸ ವ್ಯಾಲ್ಯೂ, ಮೂರನ್ನೂ ಪ್ರಿಂಟ್ ಮಾಡಿದೆ.

ಬಂದದ್ದು ಚೀಲಗಳ ಪಟ್ಟಿ. ಹಳತು: ಚೀಲ 1, 50.2, ಚೀಲ 2, 49.8. ಹೊಸತು: ಚೀಲ 1, 50.2, ಚೀಲ 2, 49.8. ಅಕ್ಷರ ಅಕ್ಷರ ಒಂದೇ! ಇಲ್ಲಿ ಸ್ವಲ್ಪ ತಲೆ ಕೆರೆದುಕೊಂಡೆ.

ಚೀಲವಾರು ತೂಕವನ್ನು ಜೇಸನ್ (JSON) ಪಠ್ಯ ಮಾಡಿ ಒಂದೇ ಕಾಲಮ್‌ನಲ್ಲಿ ಇಟ್ಟಿದ್ದರು. ಆಬ್ಜೆಕ್ಟನ್ನು ಜೇಸನ್‌ಗೂ ಜೇಸನ್ನನ್ನು ಆಬ್ಜೆಕ್ಟ್‌ಗೂ ಬದಲಿಸಲು ನಡುವೆ ಒಂದು ಅಟ್ರಿಬ್ಯೂಟ್ ಕನ್ವರ್ಟರ್. ಇಂಥ ಕಾಲಮ್‌ನ ಪ್ರತಿ ತೆಗೆಯಲು ಹೈಬರ್ನೇಟ್ ಅದನ್ನು ಜೇಸನ್ ಮಾಡಿ, ಮತ್ತೆ ಆಬ್ಜೆಕ್ಟ್ ಮಾಡುತ್ತದೆ. ಅಂದರೆ ಪ್ರತಿಯಲ್ಲಿರುವ ಚೀಲಗಳು ಬೇರೆ ಆಬ್ಜೆಕ್ಟ್‌ಗಳು. ಅವು ಒಂದೇ ಅಂತ ಹೇಳಬೇಕಾದದ್ದು ಚೀಲ ಕ್ಲಾಸಿನ ಈಕ್ವಲ್ಸ್ ಮೆಥಡ್. ಬರೆದವರು ಪ್ರಿಂಟ್‌ಗೆ ಬೇಕಾದ ಟು-ಸ್ಟ್ರಿಂಗ್ ಬರೆದಿದ್ದರು, ಈಕ್ವಲ್ಸ್ ಬರೆದಿರಲಿಲ್ಲ. ಹಾಗಾಗಿ ಪ್ರಿಂಟ್ ಮಾಡಿದರೆ ನಮ್ಮ ಕಣ್ಣಿಗೆ ಒಂದೇ, ಜಾವಾಗೆ ಯಾವಾಗಲೂ ಬೇರೆ. ಚೀಟಿ ಓದಿದಷ್ಟು ಸಲವೂ ಅಪ್‌ಡೇಟ್.

ಮದ್ದು ಸಣ್ಣದು. ಜಾವಾ 17 ಇದ್ದದ್ದರಿಂದ ಚೀಲ ಕ್ಲಾಸನ್ನು ರೆಕಾರ್ಡ್ ಮಾಡಿದೆ. ಈಕ್ವಲ್ಸ್ ತಾನಾಗಿ ಬರುತ್ತದೆ. ಆದರೆ ಒಳಗೆ ತೂಕ ಬಿಗ್‌ಡೆಸಿಮಲ್ (ಜಾವಾದ ದಶಮಾಂಶ ಸಂಖ್ಯೆಯ ಟೈಪ್) ಆಗಿದ್ದರೆ ಹುಷಾರು, ಅದರ ಈಕ್ವಲ್ಸ್‌ಗೆ 50.2 ಮತ್ತು 50.20 ಬೇರೆ ಬೇರೆ. ತೂಕವನ್ನು ಗ್ರಾಂ ಲೆಕ್ಕದಲ್ಲಿ ಪೂರ್ಣ ಸಂಖ್ಯೆ ಮಾಡಿಬಿಟ್ಟೆ. ಹಳೇ ಜೇಸನ್ ಎಲ್ಲವನ್ನೂ ಒಂದು ಸ್ಕ್ರಿಪ್ಟ್ ಓಡಿಸಿ ಬದಲಾಯಿಸಬೇಕಾಯಿತು, ಅದೇ ಜಾಸ್ತಿ ಕೆಲಸ.

'ಟ್ರಾನ್ಸಾಕ್ಷನ್‌ಗೆ ರೀಡ್ ಓನ್ಲಿ ಹಾಕಿದ್ದರೆ ಮುಗಿಯುತ್ತಿತ್ತಲ್ಲ' ಅಂತ ತಂಡದಲ್ಲಿ ಒಬ್ಬರು ಕೇಳಿದರು. ಹೌದು, ಆಗ ಸ್ಪ್ರಿಂಗ್ ಫ್ಲಶ್ ಮೋಡನ್ನು ಮ್ಯಾನ್ಯುಯಲ್ ಮಾಡುತ್ತದೆ, ಅಪ್‌ಡೇಟ್ ಹೋಗುವುದಿಲ್ಲ. ನೋಡುವ ಪುಟಗಳಿಗೆ ಆಮೇಲೆ ನಾನೂ ಹಾಕಿದೆ. ಆದರೆ ಅದನ್ನೇ ಮೊದಲು ಹಾಕಿದ್ದರೆ ರೋಗ ಒಳಗೇ ಉಳಿಯುತ್ತಿತ್ತು. ಹಣ ಪಾವತಿಯಂಥ ಬರೆಯುವ ಪುಟಗಳಲ್ಲಿ ಚೀಟಿಯನ್ನು ಓದಿದಾಗಲೂ ಅದೇ ಕಥೆ ನಡೆಯುತ್ತಿತ್ತು, ಅಲ್ಲಿ ರೀಡ್ ಓನ್ಲಿ ಹಾಕಲು ಆಗುವುದಿಲ್ಲ.

ಆಮೇಲೆ ಒಂದು ಟೆಸ್ಟ್ ಬರೆದೆ. ನಿಜವಾದ ಹಳೇ ಡೇಟಾದ ತುಂಡು ತೆಗೆದುಕೊಂಡು, ಪ್ರತಿ ಎಂಟಿಟಿಯ ಒಂದಷ್ಟು ಸಾಲು ಓದುವುದು, ಏನೂ ಮುಟ್ಟದೆ ಫ್ಲಶ್ ಮಾಡುವುದು, ಹೈಬರ್ನೇಟ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಎಂಟಿಟಿ ಅಪ್‌ಡೇಟ್ ಕೌಂಟ್ ಸೊನ್ನೆ ಇದೆಯಾ ನೋಡುವುದು. ಚೀಟಿ ಪಾಸಾಯಿತು, ರೈತರ ಖಾತೆ ಫೇಲಾಯಿತು! ಅಲ್ಲಿ ಅನೋಟೇಶನ್‌ಗಳು ಗೆಟರ್ ಮೇಲಿದ್ದವು, ಹಾಗಾಗಿ ಹೈಬರ್ನೇಟ್ ಹೋಲಿಸುವಾಗ ಗೆಟರ್ ಮೆಥಡ್ ಕರೆದೇ ವ್ಯಾಲ್ಯೂ ತೆಗೆದುಕೊಳ್ಳುತ್ತದೆ. ಮುಂಗಡದ ಗೆಟರ್, ಕಾಲಮ್‌ನಲ್ಲಿ ನಲ್ (ಖಾಲಿ) ಇದ್ದರೆ ಸೊನ್ನೆ ಕೊಡುತ್ತಿತ್ತು. ಓದಿದ್ದು ನಲ್, ಹೋಲಿಸುವಾಗ ಸಿಕ್ಕಿದ್ದು ಸೊನ್ನೆ. ಒಮ್ಮೆ ಸೊನ್ನೆ ಬರೆದ ಮೇಲೆ ಆ ಸಾಲು ಸುಮ್ಮನಾಗುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಲ್ ಇದ್ದಲ್ಲೆಲ್ಲ ಸೊನ್ನೆ ತುಂಬಿಸಿ, ಕಾಲಮ್‌ಗೆ ನಾಟ್ ನಲ್ ಹಾಕಿದೆ. ಟೆಸ್ಟ್ ಈಗ ಪ್ರತಿ ಬಿಲ್ಡ್‌ನಲ್ಲೂ ಓಡುತ್ತದೆ. ಸ್ಟ್ಯಾಟಿಸ್ಟಿಕ್ಸ್ ಆನ್ ಇರುವುದು ಟೆಸ್ಟ್ ಪ್ರೊಫೈಲ್‌ನಲ್ಲಿ ಮಾತ್ರ, ಅಂಗಡಿಯ ಸರ್ವರ್‌ನಲ್ಲಿ ಇಲ್ಲ.